ಹೊಳೆಯ ಕಣ ಓದುವ ಕಸುಬು

ಪ್ಲಾಸ್ಟಿಕ್ ಕಣ ಹುಡುಕುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು ಹತ್ತಿ ಬಟ್ಟೆಯನ್ನೇ ತೊಡಬೇಕು. ಮೇಲೆ ಹಾಕುವ ಕೋಟು ಕೂಡ ಅಪ್ಪಟ ಹತ್ತಿಯದೇ ಆಗಿರಬೇಕು. ಪಾಲಿಯೆಸ್ಟರ್ ಶರ್ಟು, ನೈಲಾನ್ ದುಪಟ್ಟಾ, ಚಳಿಗಾಲದ ಫ್ಲೀಸ್ ಜಾಕೆಟ್ಟುಗಳಿಗೆ ಅಲ್ಲಿ ಪ್ರವೇಶವಿಲ್ಲ. ಕೈ ಆಡಿಸಿದಾಗಲೆಲ್ಲ ಅವುಗಳಿಂದ ಕಣ್ಣಿಗೆ ಕಾಣದ ಎಳೆಗಳು ಉದುರುತ್ತಲೇ ಇರುತ್ತವೆ. ಅಂಥದೊಂದು ಎಳೆ ಪರೀಕ್ಷೆಯ ನೀರಿಗೆ ಬಿದ್ದುಬಿಟ್ಟರೆ, ಅದು ಹೊಳೆಯಿಂದ ಬಂತೋ ತೋಳಿನಿಂದ ಬಂತೋ ಎಂದು ಆಮೇಲೆ ಯಾರೂ ಹೇಳಲಾರರು. ಬಾಟಲಿ, ಬಟ್ಟಲು, ಕಡ್ಡಿ ಎಲ್ಲವೂ ಗಾಜಿನವು ಇಲ್ಲವೇ ಸ್ಟೀಲಿನವು. ಮುಚ್ಚಳದ ಬದಲು ಅಲ್ಯೂಮಿನಿಯಂ ಹಾಳೆ. ಪಾತ್ರೆ ತೊಳೆಯುವ ನೀರನ್ನೂ ಮೊದಲು ಸೋಸಿಯೇ ಬಳಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಅವರಿಗೆ ತಮ್ಮ ಮೇಲೆ ತಮಗೆ ನಂಬಿಕೆ ಇರುವುದಿಲ್ಲ. ಮೇಜಿನ ಮೇಲೆ ಒದ್ದೆ ಶೋಧಕ ಹಾಳೆ ಹಾಕಿದ ಗಾಜಿನ ತಟ್ಟೆಯೊಂದನ್ನು ಕೆಲಸ ಮುಗಿಯುವವರೆಗೂ ತೆರೆದೇ ಇಡುತ್ತಾರೆ. ಗಾಳಿಯಿಂದ ಏನೆಲ್ಲ ಬಿತ್ತು ಎಂಬ ಲೆಕ್ಕ ಅದರಲ್ಲಿ ಸಿಗುತ್ತದೆ. ಜೊತೆಗೆ, ಹೊಳೆಯ ನೀರಿನ ಬದಲು ಶುದ್ಧ ನೀರನ್ನೇ ಹಾಕಿದ ಒಂದು ಸೀಸೆಯನ್ನು ಮೊದಲಿನಿಂದ ಕೊನೆಯವರೆಗೆ ಅದೇ ಎಲ್ಲ ಹಂತಗಳಲ್ಲಿ ಹಾಯಿಸುತ್ತಾರೆ. ಹೊಳೆಯ ನೀರಿಲ್ಲದ ಆ ‘ಖಾಲಿ’ ಸೀಸೆಯಲ್ಲಿ ಕಣಗಳು ಸಿಕ್ಕರೆ ಅವು ಪ್ರಯೋಗಾಲಯದ ಕೊಳೆ. ಹೊಳೆಯ ಲೆಕ್ಕದಿಂದ ಅವನ್ನು ಕಳೆಯಬೇಕು. ಪರರ ಕೊಳೆಯನ್ನು ಅಳೆಯುವ ಮೊದಲು ತನ್ನ ಕೊಳೆಯನ್ನು ಅಳೆದು ಬರೆದಿಡುವ ಈ ಶಿಸ್ತಿನ ಬಗ್ಗೆ ನನಗೆ ಅಪಾರ ಗೌರವ. ನೀರಿನ ಪ್ಲಾಸ್ಟಿಕ್ ಕುರಿತು ಪತ್ರಿಕೆಯಲ್ಲಿ ಯಾವುದೇ ಅಂಕಿ ಕಂಡರೂ ಅದರ ಹಿಂದೆ ಆ ಖಾಲಿ ಸೀಸೆ ಇತ್ತೇ ಎಂದು ಕೇಳಬೇಕು ಅನ್ನಿಸುತ್ತದೆ.

ಈ ಕಸುಬಿಗೆ ನಮ್ಮ ಹಳೆಯ ಬೆಂಗಳೂರಿನ ವೃಷಭಾವತಿಗಿಂತ ಕಠಿಣವಾದ, ಹಾಗಾಗಿಯೇ ತಕ್ಕದಾದ ಹೊಳೆ ಬೇರೆ ಕಡೆ ಸಿಗುವುದು ಕಷ್ಟ. ವೃಷಭಾವತಿ ಹುಟ್ಟಿದ್ದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಎನ್ನುವುದು ಊರಿನ ನಂಬಿಕೆ; ಹೆಸರೂ ಅವನದೇ. ಇನ್ನೊಂದು ಕವಲನ್ನು ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿನ ನಂದಿ ತೀರ್ಥದ ಒರತೆಯೊಂದಿಗೆ ಸೇರಿಸಿ ಹೇಳುತ್ತಾರೆ. ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತಿರುವ ಈ ಊರಿನ ಪಡುವಣ ಇಳಿಜಾರಿನ ನೀರೆಲ್ಲ ಅವಳ ಪಾಲು. ಗಾಳಿ ಆಂಜನೇಯನ ಗುಡಿಯ ಪಕ್ಕದಿಂದ, ಮೈಸೂರು ರಸ್ತೆಯ ಅಂಚಿನಲ್ಲಿ ಹರಿದು, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ ಹೋಗುತ್ತಾಳೆ. ಜನ ಮಾತ್ರ ಅವಳನ್ನು ಕೆಂಗೇರಿ ಮೋರಿ ಎನ್ನುತ್ತಾರೆ.

ಮೋರಿ ಎನ್ನುವುದಕ್ಕೆ ಕಾರಣವೂ ಇದೆ. ಬಚ್ಚಲ ನೀರು, ಸಂಸ್ಕರಿಸಿದ ಮತ್ತು ಸಂಸ್ಕರಿಸದ ಒಳಚರಂಡಿ ನೀರು, ರಾಜಾಜಿನಗರ ಮತ್ತು ಪೀಣ್ಯದ ಕಡೆಯ ಕಾರ್ಖಾನೆಗಳ ನೀರು, ಲೋಹದ ಲೇಪ ಹಾಕುವ ಸಣ್ಣ ಸಣ್ಣ ಘಟಕಗಳ ಕ್ರೋಮಿಯಂ, ನಿಕಲ್, ಸತು ಎಲ್ಲವೂ ಅವಳಿಗೆ ಬಂದು ಸೇರುತ್ತವೆ. ಪ್ಲಾಸ್ಟಿಕ್ ಬರುವ ದಾರಿಗಳಂತೂ ಇನ್ನೂ ಹೆಚ್ಚು. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ನಡೆಯುವುದು ಅವಳ ತಲೆಯ ಮೇಲೆಯೇ. ಅಲ್ಲಿ ಬಿದ್ದ ತೆಳು ಕವರು ಬಿಸಿಲಿಗೆ ಒಣಗಿ, ಗರಿಗರಿಯಾಗಿ, ಮುಟ್ಟಿದರೆ ಪುಡಿಯಾಗುವ ಹೊತ್ತಿಗೆ ಮೊದಲ ಮಳೆ ಅದನ್ನು ಕಾಲುವೆಗೆ ಒಯ್ದಿರುತ್ತದೆ. ಬಟ್ಟೆ ಒಗೆಯುವ ಯಂತ್ರದಿಂದ ಬರುವ ಎಳೆಗಳಿಗೆ ಹಬ್ಬ, ಪರಿಷೆಗಳ ನೆವವೂ ಬೇಡ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಅಳೆದು ನೋಡಿದಾಗ, 6 ಕಿಲೋ ಅಕ್ರಿಲಿಕ್ ಬಟ್ಟೆಯ ಒಂದೇ ಒಗೆತದಲ್ಲಿ 7 ಲಕ್ಷಕ್ಕೂ ಹೆಚ್ಚು ಎಳೆಗಳು ಕಳಚಬಹುದು ಎಂದು ಕಂಡಿತ್ತು. ಸಮುದ್ರದ ಮರಳಿನಲ್ಲಿ ಅಡಗಿದ್ದ ಇಂಥ ಪುಡಿಗೆ 2004ರಲ್ಲಿ ‘ಮೈಕ್ರೋಪ್ಲಾಸ್ಟಿಕ್’ ಎಂಬ ಹೆಸರನ್ನು ಜಗತ್ತಿಗೆ ರೂಢಿ ಮಾಡಿಸಿದ ರಿಚರ್ಡ್ ಥಾಂಪ್ಸನ್ ಕೂಡ ಅದೇ ವಿಶ್ವವಿದ್ಯಾಲಯದವರು. ಈಗ 5 ಮಿಲಿಮೀಟರಿಗಿಂತ ಚಿಕ್ಕದೆಲ್ಲ ಆ ಲೆಕ್ಕಕ್ಕೆ ಸೇರುತ್ತದೆ.

ಇಂಥ ಹೊಳೆಯ ಒಂದು ಸೀಸೆ ನೀರಿನಿಂದ ಪ್ಲಾಸ್ಟಿಕನ್ನು ಮಾತ್ರ ಬೇರ್ಪಡಿಸುವುದು ಹೇಗೆ?

ಮೊದಲು ಜರಡಿ. ಸ್ಟೀಲಿನ ಜರಡಿಗಳನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ಮೇಲಿನದರ ಕಣ್ಣು 5 ಮಿಲಿಮೀಟರ್, ಕೆಳಕ್ಕೆ ಹೋದಂತೆ ಕಿರಿದಾಗುತ್ತದೆ. ಎಲೆ, ಕಡ್ಡಿ, ಗುಟ್ಕಾ ಚೀಟಿಯ ತುಂಡುಗಳು ಮೇಲೇ ಉಳಿಯುತ್ತವೆ. ಕೆಳಗೆ ಇಳಿದದ್ದರಲ್ಲಿ ಬಹುಪಾಲು ಪ್ಲಾಸ್ಟಿಕ್ಕೇ ಅಲ್ಲ. ಪಾಚಿ, ಕೊಳೆತ ಅನ್ನದ ಅಗುಳು, ಜಿಡ್ಡು, ಕೂದಲು, ಮಣ್ಣು. ಈ ಜೈವಿಕ ಕಸವನ್ನು ಕರಗಿಸಲು ಶೇಕಡಾ 30ರ ಹೈಡ್ರೋಜನ್ ಪೆರಾಕ್ಸೈಡಿಗೆ ಚೂರು ಕಬ್ಬಿಣದ ಲವಣ ಸೇರಿಸಿ ಹಾಕುತ್ತಾರೆ. ಸಮುದ್ರದ ನೀರಾದರೆ ಇದು ಸಾಧುವಾಗಿ ನಡೆಯುತ್ತದೆ. ಚರಂಡಿ ನೀರಿನಲ್ಲಿ ಹಾಗಲ್ಲ, ಹಾಕಿದ ಕೂಡಲೇ ನೊರೆ ಉಕ್ಕುತ್ತದೆ, ಬಟ್ಟಲು ತಾನಾಗಿ ಕಾಯುತ್ತದೆ. ಬಿಸಿ ಹೆಚ್ಚಾದರೆ ಕೆಲವು ಪ್ಲಾಸ್ಟಿಕ್‌ಗಳು ಮೆತ್ತಗಾಗಿ ಆಕಾರ ಕೆಡುತ್ತವೆ, ನೊರೆ ಉಕ್ಕಿ ಚೆಲ್ಲಿದರೆ ಕಣಗಳೂ ಅದರೊಂದಿಗೆ ಹೋದವು. ಅದಕ್ಕೇ ಕೈ ಪಳಗಿದವರು ಬಟ್ಟಲನ್ನು ಮಂಜುಗಡ್ಡೆಯ ನೀರಿನಲ್ಲಿ ಇಟ್ಟು, ಹನಿ ಹನಿಯಾಗಿ ಬಿಡುತ್ತಾರೆ. ಒಂದು ಹನಿ ಬಿಟ್ಟು, ನೊರೆ ಇಳಿಯುವವರೆಗೆ ಕಾದು, ಮತ್ತೊಂದು ಹನಿ. ಹೊಳೆ ಎಷ್ಟು ಕೊಳಕೋ ಅಷ್ಟು ಹೊತ್ತಿನ ಕೆಲಸ. ಕಾಗದದ ನಾರಿಗೆ ಪೆರಾಕ್ಸೈಡ್ ಕೂಡ ಸಾಲದು, ಸೆಲ್ಯುಲೋಸನ್ನು ಅರಗಿಸುವ ಕಿಣ್ವಗಳನ್ನು ಹಾಕಿ ದಿನಗಟ್ಟಲೆ ಬೆಚ್ಚಗೆ ಇಡಬೇಕಾಗುತ್ತದೆ.

ಆಮೇಲೆ ಉಪ್ಪಿನ ಸರದಿ. ಮರಳಿನ ಕಣ ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ, ಪ್ಲಾಸ್ಟಿಕ್ ಹಗುರ. ನೀರಿಗೆ ಇನ್ನು ಕರಗುವುದೇ ಇಲ್ಲ ಎನ್ನುವಷ್ಟು ಅಡುಗೆ ಉಪ್ಪು ಹಾಕಿದರೆ ಅದರ ಸಾಂದ್ರತೆ 1.2ಕ್ಕೆ ಏರುತ್ತದೆ. ಕವರಿನ ಪಾಲಿಥಿನ್, ಡಬ್ಬದ ಪಾಲಿಪ್ರೊಪಿಲೀನ್, ಥರ್ಮೋಕೋಲಿನ ಪಾಲಿಸ್ಟೈರೀನ್, ನೈಲಾನ್ ಎಲ್ಲವೂ ತೇಲಿ ಬರುತ್ತವೆ. ಆದರೆ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕಿನ ಸಾಂದ್ರತೆ 1.38ರಷ್ಟು, ಪೈಪಿನ ಪಿವಿಸಿಯದು ಇನ್ನೂ ಸ್ವಲ್ಪ ಹೆಚ್ಚು. ಅವು ಮರಳಿನ ಜೊತೆ ತಳದಲ್ಲೇ ಮಲಗಿರುತ್ತವೆ. ಬಾಟಲಿಯ ಪ್ಲಾಸ್ಟಿಕ್ಕೂ ಸೀರೆ, ಶರ್ಟುಗಳ ಪಾಲಿಯೆಸ್ಟರೂ ಒಂದೇ ವಸ್ತು. ಹಾಗಾಗಿ ಅಡುಗೆ ಉಪ್ಪು ಬಳಸಿ ನೋಡಿದವರ ಹೊಳೆಯಲ್ಲಿ ಕವರುಗಳೇ ಹೆಚ್ಚು, ಬಟ್ಟೆಯ ಎಳೆಗಳು ಕಡಿಮೆ ಎಂಬ ಉತ್ತರ ಬರುತ್ತದೆ. ಅದು ಹೊಳೆಯ ಗುಣವಲ್ಲ, ಉಪ್ಪಿನ ಗುಣ. ಸತುವಿನ ಕ್ಲೋರೈಡಿನ ದ್ರಾವಣದಲ್ಲಿ ಸಾಂದ್ರತೆಯನ್ನು 1.5ರಿಂದ 1.7ರವರೆಗೆ ಏರಿಸಬಹುದು, ಆಗ ಪೆಟ್ ಕೂಡ ಮೇಲೇಳುತ್ತದೆ. ಆ ದ್ರಾವಣ ದುಬಾರಿ, ಕೈಗೆ ತಗುಲಿದರೆ ಸುಡುತ್ತದೆ, ಮೋರಿಗೆ ಚೆಲ್ಲುವಂತೆಯೂ ಇಲ್ಲ. ಸೋಸಿ ಸೋಸಿ ಮತ್ತೆ ಬಳಸುತ್ತಾರೆ. ಒಂದು ಲೀಟರಿಗೆ ಇಷ್ಟು ಕಣ ಎನ್ನುವ ಎರಡು ಊರುಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವವರು ಜರಡಿಯ ಕಣ್ಣು ಮತ್ತು ಉಪ್ಪಿನ ಹೆಸರು ಎರಡನ್ನೂ ಮೊದಲು ನೋಡಬೇಕು.

ತೇಲಿಬಂದದ್ದು ಶೋಧಕ ಹಾಳೆಯ ಮೇಲೆ ಇಳಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಸಾಲು ಸಾಲಾಗಿ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡುತ್ತಾ ಹೋಗುತ್ತಾರೆ. ಒಂದೇ ದಪ್ಪದ, ಕವಲಿಲ್ಲದ ನೀಲಿ ಎಳೆ; ಅಂಚು ಹರಿದ ಪಾರದರ್ಶಕ ಚೂರು; ಗುಂಡನೆಯ ಬಿಳಿ ಮಣಿ. ಸಂಶಯ ಬಂದರೆ ಕಾದ ಸೂಜಿಯ ಮೊನೆ ತಾಗಿಸುವುದು ಹಳೆಯ ಉಪಾಯ. ಪ್ಲಾಸ್ಟಿಕ್ಕಾದರೆ ಕರಗುತ್ತದೆ ಇಲ್ಲವೇ ಸುರುಳಿಯಾಗುತ್ತದೆ, ಗಿಡದ ನಾರಾದರೆ ಹಾಗೆ ಮಾಡುವುದಿಲ್ಲ. ಆದರೆ ಅದು ಯಾವ ಪ್ಲಾಸ್ಟಿಕ್ ಎಂಬುದನ್ನು ಸೂಜಿ ಹೇಳಲಾರದು, ಕಣ್ಣು ಹೇಳಲಾರದು. ಅದನ್ನು ಹೇಳುವ ವಿದ್ಯೆ ನಮ್ಮ ಮಲ್ಲೇಶ್ವರದವರೇ ಆದ ಒಬ್ಬರದು.

ಚಂದ್ರಶೇಖರ ವೆಂಕಟ ರಾಮನ್ ಕಲ್ಕತ್ತೆಯಲ್ಲಿ ಕೆ.ಎಸ್. ಕೃಷ್ಣನ್ ಅವರೊಡನೆ ಕೆಲಸ ಮಾಡಿ, 1928ರ ಫೆಬ್ರವರಿ 28ರಂದು ಕಂಡುಕೊಂಡ ಸಂಗತಿ ಇದು: ಒಂದೇ ಬಣ್ಣದ ಬೆಳಕನ್ನು ಒಂದು ವಸ್ತುವಿನ ಮೇಲೆ ಬಿಟ್ಟರೆ, ಚದುರಿ ಬರುವ ಬೆಳಕಿನ ಅತಿ ಚಿಕ್ಕ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ. ಅಣುಗಳ ಒಳಗಿನ ಬಂಧಗಳು ಕಂಪಿಸುವ ರೀತಿಗೆ ತಕ್ಕಂತೆ ಆ ಬದಲಾವಣೆ. ಕೋಟಿ ಬೆಳಕಿನ ಕಣಗಳಲ್ಲಿ ಹೆಚ್ಚು ಕಡಿಮೆ ಒಂದಕ್ಕೆ ಮಾತ್ರ ಹೀಗಾಗುತ್ತದೆ. 1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮಲ್ಲೇಶ್ವರದ ‘ಪಂಚವಟಿ’ ಅವರ ಮನೆಯಾಯಿತು. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ತೆರೆದರು. ಆ ಕಾಲದಲ್ಲಿ ನದಿಯಲ್ಲಿ ಪ್ಲಾಸ್ಟಿಕ್ ಹುಡುಕುವ ಅಗತ್ಯ ಯಾರಿಗೂ ಬಂದಿರಲಿಲ್ಲ. ಇಂದು ಕೂದಲಿನ ದಪ್ಪದ ನೂರನೇ ಒಂದು ಭಾಗದಷ್ಟು, ಅಂದರೆ ಒಂದು ಮೈಕ್ರೋಮೀಟರಿನಷ್ಟು ಚಿಕ್ಕ ಚೂರಿನ ಗುರುತು ಹಿಡಿಯಲು ಜಗತ್ತಿನ ಪ್ರಯೋಗಾಲಯಗಳು ಆ ಬೆಳಕನ್ನೇ ಕೇಳುತ್ತವೆ. ಲೇಸರನ್ನು ಕಣದ ಮೇಲೆ ನಿಲ್ಲಿಸಿದರೆ ಪರದೆಯ ಮೇಲೆ ಏರಿಳಿತದ ಗೆರೆ ಮೂಡುತ್ತದೆ. ಗೆರೆಯ ಅಡಿಯ ಅಳತೆಯಲ್ಲಿ 1001ರ ಹತ್ತಿರ ಚೂಪಾದ ಶಿಖರ ಎದ್ದರೆ ಪಾಲಿಸ್ಟೈರೀನ್. ಅದರ ಬೆಂಜೀನ್ ಉಂಗುರ ಉಸಿರಾಡುವಂತೆ ಹಿಗ್ಗಿ ಕುಗ್ಗುವ ಕಂಪನದ ಗುರುತು ಅದು. ಪಾಲಿಥಿನ್ನಿನ ಶಿಖರಗಳು ಬೇರೆ, ಪೆಟ್‌ನವು ಬೇರೆ. ಹತ್ತಿಯ ಎಳೆಯಾದರೆ ಸೆಲ್ಯುಲೋಸಿನ ಗೆರೆ ಬರುತ್ತದೆ. ಹತ್ತಿಯ ಕೋಟೇ ಯಾಕೆ ಎಂಬುದು ಇಲ್ಲಿ ಅರ್ಥವಾಗುತ್ತದೆ: ಅದರಿಂದ ಉದುರಿದ್ದನ್ನು ಪ್ಲಾಸ್ಟಿಕ್ ಎಂದು ಎಣಿಸುವ ಭಯವಿಲ್ಲ.

ಅಷ್ಟು ಕ್ಷೀಣವಾದ ಬೆಳಕನ್ನು ನೋಡುವಾಗ ಸುತ್ತಲಿನ ಗದ್ದಲವೇ ದೊಡ್ಡ ಶತ್ರು. ಕಣದ ಮೇಲೆ ಚೂರು ಪಾಚಿಯೋ ಜಿಡ್ಡೋ ಉಳಿದಿದ್ದರೆ ಅದು ಲೇಸರಿಗೆ ತಾನೇ ಪ್ರಜ್ವಲಿಸಿ ರಾಮನ್ ಗೆರೆಯನ್ನು ಮುಳುಗಿಸಿಬಿಡುತ್ತದೆ. ಪೆರಾಕ್ಸೈಡನ್ನು ಹನಿ ಹನಿಯಾಗಿ ಬಿಟ್ಟ ತಾಳ್ಮೆಯ ಫಲ ಸಿಗುವುದು ಈ ಹಂತದಲ್ಲಿ. ಶೋಧಕ ಹಾಳೆಯೂ ಸುಮ್ಮನಿರಬೇಕು; ಅದಕ್ಕಾಗಿ ಚಿನ್ನದ ತೆಳು ಲೇಪ ಹಾಕಿದ ಹಾಳೆಗಳನ್ನು ಬಳಸುವವರಿದ್ದಾರೆ. ನೀಲಿ ಬಣ್ಣ ಬೆರೆಸಿದ ಪ್ಲಾಸ್ಟಿಕ್ಕಾದರೆ ಕೆಲವೊಮ್ಮೆ ಬಣ್ಣದ ಗೆರೆಯೇ ಕಾಣುತ್ತದೆ, ಪ್ಲಾಸ್ಟಿಕ್ಕಿನದು ಅದರಡಿ ಅಡಗುತ್ತದೆ. ಆಗ ಲೇಸರಿನ ಬಣ್ಣ ಬದಲಿಸಿ, ಹಸಿರಿನಿಂದ ಕೆಂಪಿನತ್ತ ಸರಿದು, ಮತ್ತೆ ಕೇಳಬೇಕು. ಶಕ್ತಿ ಜಾಸ್ತಿ ಮಾಡಿದರೆ ಕಣವೇ ಸುಟ್ಟುಹೋಗುತ್ತದೆ.

ಇಲ್ಲಿಯವರೆಗಿನದು ಕಣದ ಗುರುತು ಹಿಡಿಯುವ ಮಾತು. ಅದು ದಾರಿಯಲ್ಲಿ ಏನನ್ನು ಹೊತ್ತು ತಂದಿದೆ ಎಂಬ ಪ್ರಶ್ನೆಗೆ ಬೇರೆಯದೇ ಕೈ ಬೇಕು. ಮೊದಲು, ಅದು ಹೊರುವುದೇಕೆ ಎಂದು ನೋಡೋಣ.

ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಅರಿಶಿನ ಹಾಕಿದ ಹುಳಿಯನ್ನು ರಾತ್ರಿ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದಿಟ್ಟರೆ ಬೆಳಿಗ್ಗೆ ಡಬ್ಬದ ಒಳಮೈ ಹಳದಿಯಾಗಿರುತ್ತದೆ. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಸ್ಟೀಲ್ ಡಬ್ಬಕ್ಕೆ ಆ ತೊಂದರೆಯಿಲ್ಲ. ಅರಿಶಿನದ ಬಣ್ಣದ ಅಣುವಿಗೆ ನೀರೆಂದರೆ ಆಗದು; ಎಣ್ಣೆಯಂಥ ನೆಲೆ ಸಿಕ್ಕರೆ ಅಲ್ಲಿಗೆ ಸರಿಯುತ್ತದೆ. ಪಾಲಿಪ್ರೊಪಿಲೀನ್ ಹುಟ್ಟಿದ್ದೇ ಪೆಟ್ರೋಲಿಯಂ ಎಣ್ಣೆಯಿಂದ, ಅದರ ಉದ್ದುದ್ದ ಅಣುಸರಪಳಿಗಳ ನಡುವೆ ಇಂಥ ಅಣುಗಳಿಗೆ ಜಾಗವಿದೆ. ಡಿಡಿಟಿಯಂಥ ಕೀಟನಾಶಕ, ಹಳೆಯ ಟ್ರಾನ್ಸ್‌ಫಾರ್ಮರುಗಳಲ್ಲಿದ್ದ ಪಿಸಿಬಿ ಎಣ್ಣೆಗಳು, ಡೀಸೆಲ್ ಹೊಗೆಯಲ್ಲಿ ಬರುವ ಬಹುವಲಯ ಹೈಡ್ರೋಕಾರ್ಬನ್‌ಗಳು, ಇವುಗಳ ಸ್ವಭಾವವೂ ಅದೇ. ನೀರಿನಲ್ಲಿ ತೀರ ಕಡಿಮೆ ಕರಗುತ್ತವೆ. ಪಕ್ಕದಲ್ಲಿ ಪ್ಲಾಸ್ಟಿಕ್ ಕಣ ಹಾದುಹೋದರೆ ಅದರ ಮೈಗೆ ಏರುತ್ತವೆ.

ಎಲ್ಲ ಪ್ಲಾಸ್ಟಿಕ್ಕೂ ಒಂದೇ ರೀತಿ ಬರಮಾಡಿಕೊಳ್ಳುವುದಿಲ್ಲ ಎಂಬುದು ಈ ಕಸುಬಿನ ಸೊಗಸಾದ ಭಾಗ. ಪಾಲಿಥಿನ್ನಿನ ಸರಪಳಿಗಳು ನಮ್ಮ ಹವೆಯ ಬಿಸಿಯಲ್ಲಿ ರಬ್ಬರಿನಂತೆ ಅಲ್ಲಾಡುತ್ತಿರುತ್ತವೆ. ಹೊರಗಿನ ಅಣು ಮೇಲ್ಮೈಗೆ ಬಂದು ನಿಲ್ಲದೆ ಒಳಗೆ ಇಳಿಯಬಲ್ಲದು. ಪಾಲಿಸ್ಟೈರೀನ್ ಹಾಗಲ್ಲ. ಅದರ ಸರಪಳಿಗಳು ಗಾಜಿನಂತೆ ಬಿಗಿಯಾಗಿ ಕೂತಿರುತ್ತವೆ, 100 ಡಿಗ್ರಿ ಸುಮಾರಿಗೆ ಕಾಯಿಸಿದರೆ ಮಾತ್ರ ಸಡಿಲವಾಗುತ್ತವೆ. ಅಲ್ಲಿ ಹೆಚ್ಚಿನ ವ್ಯವಹಾರ ಮೇಲ್ಮೈಯಲ್ಲೇ. ಆದರೆ ಅದಕ್ಕೆ ಬೆಂಜೀನ್ ಉಂಗುರಗಳಿವೆ, ತನ್ನಂತೆಯೇ ಉಂಗುರವಿರುವ ಅಣುಗಳನ್ನು ಅದು ಸೆಳೆದುಕೊಳ್ಳುತ್ತದೆ. ಕಣ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು.

ಬಿಸಿಲು ಈ ಲೆಕ್ಕವನ್ನು ಬದಲಿಸುತ್ತದೆ. ಹೊಸ ಕವರಿನ ಮೈ ನುಣುಪು, ನೀರನ್ನು ಒಲ್ಲದ ಮೈ. ತಿಂಗಳುಗಟ್ಟಲೆ ಬಿಸಿಲು ಕಂಡ ಕವರಿನ ಮೇಲೆ ಆಮ್ಲಜನಕ ಕೂತು, ಬಿರುಕುಗಳೆದ್ದು, ಋಣ ವಿದ್ಯುದಂಶದ ಗುಂಪುಗಳು ಹುಟ್ಟುತ್ತವೆ. ಎಣ್ಣೆಯ ಸ್ವಭಾವದ ವಿಷಗಳ ಬಗ್ಗೆ ಅದರ ಒಲವು ಬದಲಾಗುತ್ತದೆ; ಸೀಸ, ಕ್ಯಾಡ್ಮಿಯಂ, ಸತುವಿನಂಥ ಲೋಹದ ಅಯಾನುಗಳಿಗೆ ಅದು ಈಗ ಹಿಡಿತ ಕೊಡುತ್ತದೆ. ನೀರಿಗೆ ಬಿದ್ದ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾಗಳು ಅದರ ಮೇಲೆ ಲೋಳೆಯ ಪದರ ಕಟ್ಟುತ್ತವೆ. ಆ ಲೋಳೆಯೂ ಲೋಹಗಳನ್ನು, ಪ್ರತಿಜೀವಕ ಔಷಧಗಳನ್ನು ಹಿಡಿಯುತ್ತದೆ. ಲೋಳೆಯ ಭಾರಕ್ಕೆ ತೇಲುತ್ತಿದ್ದ ಕಣ ಮುಳುಗಿ ಹೂಳಿಗೆ ಸೇರುತ್ತದೆ. ಹೀಗೆ ಒಂದೇ ಕವರಿನ ಎರಡು ಚೂರುಗಳು, ಒಂದು ನೆರಳಿನ ಮೋರಿಯಲ್ಲಿ ಉಳಿದದ್ದು, ಇನ್ನೊಂದು ರಸ್ತೆಯ ಬಿಸಿಲಲ್ಲಿ ಒಣಗಿ ಬಂದದ್ದು, ವೃಷಭಾವತಿಯಲ್ಲಿ ಬೇರೆ ಬೇರೆ ಸರಕನ್ನು ಹೊರುತ್ತವೆ. ಪೀಣ್ಯದ ಕ್ರೋಮಿಯಂ ಯಾವುದಕ್ಕೆ ಅಂಟುತ್ತದೆ ಎಂಬುದು ನೀರಿನ ಆಮ್ಲೀಯತೆಯನ್ನೂ ಅವಲಂಬಿಸಿದೆ. ‘ಪ್ಲಾಸ್ಟಿಕ್ ವಿಷ ಹೀರುತ್ತದೆ’ ಎಂಬ ಒಂದು ಸಾಲಿನ ಹೇಳಿಕೆಯಿಂದ ನನಗೆ ತೃಪ್ತಿಯಾಗದಿರುವುದು ಇದಕ್ಕೇ. ಯಾವ ಪ್ಲಾಸ್ಟಿಕ್, ಎಷ್ಟು ಬಿಸಿಲು ಕಂಡದ್ದು, ಯಾವ ನೀರು ಎಂದು ಕೇಳದೆ ಆ ಸಾಲಿಗೆ ಅರ್ಥವಿಲ್ಲ.

ಈಗ ಆ ಸರಕನ್ನು ಅಳೆಯುವ ಕೆಲಸ. ಇಲ್ಲಿ ಒಂದು ಇಕ್ಕಟ್ಟಿದೆ. ಕಣವನ್ನು ಗುರುತಿಸಬೇಕಾದರೆ ಪೆರಾಕ್ಸೈಡಿನಿಂದ ತೊಳೆಯಬೇಕು. ತೊಳೆದರೆ ಅದರ ಮೇಲಿದ್ದ ವಿಷದ ಅಣುಗಳೂ ಹಾಳಾಗುತ್ತವೆ. ಸತುವಿನ ದ್ರಾವಣದಲ್ಲಿ ಮುಳುಗಿಸಿದ ಕಣದ ಮೇಲೆ ಹೊಳೆಯ ಸತು ಎಷ್ಟಿತ್ತು ಎಂದು ಕೇಳುವುದಂತೂ ಸಾಧ್ಯವೇ ಇಲ್ಲ. ಹಾಗಾಗಿ ಮಾದರಿಯನ್ನು ಮೊದಲೇ ಎರಡು ಪಾಲು ಮಾಡುತ್ತಾರೆ. ಒಂದು ಪಾಲು ಎಣಿಕೆಗೆ, ಗುರುತಿಗೆ. ಇನ್ನೊಂದು ಪಾಲಿನ ಕಣಗಳನ್ನು ಚಿಮುಟದಿಂದ ಒಂದೊಂದಾಗಿ ಹೆಕ್ಕಿ, ಸೋಸಿದ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದು, ಹೆಕ್ಸೇನಿನಂಥ ದ್ರಾವಕದಲ್ಲಿ ನೆನೆಹಾಕುತ್ತಾರೆ. ಒಳಗೆ ಇಳಿದಿದ್ದ ಎಣ್ಣೆಸ್ವಭಾವದ ಅಣುಗಳು ದ್ರಾವಕಕ್ಕೆ ಬರುತ್ತವೆ, ಅದನ್ನು ಉದ್ದನೆಯ ಕೂದಲೆಳೆ ಕೊಳವೆಯಲ್ಲಿ ಹಾಯಿಸಿ ಒಂದೊಂದನ್ನೂ ತೂಗಿ ನೋಡುವ ಯಂತ್ರಕ್ಕೆ ಕೊಡುತ್ತಾರೆ. ಲೋಹ ಬೇಕಾದರೆ ಮೂರನೆಯ ಪಾಲನ್ನು ಆಮ್ಲದಲ್ಲಿ ತೊಳೆಯಬೇಕು. ಪ್ಲಾಸ್ಟಿಕ್ ತಯಾರಿಸುವಾಗಲೇ ಸೇರಿಸಿದ ಥಾಲೇಟ್, ಬಿಸ್ಫಿನಾಲ್ ಮುಂತಾದವೂ ಅದೇ ದ್ರಾವಕಕ್ಕೆ ಇಳಿದಿರುತ್ತವೆ. ಕಣ ಮನೆಯಿಂದ ತಂದದ್ದು ಯಾವುದು, ದಾರಿಯಲ್ಲಿ ಎತ್ತಿಕೊಂಡದ್ದು ಯಾವುದು ಎಂದು ಬೇರೆ ಮಾಡಲು ನೀರು ಕಾಣದ ಹೊಸ ಪ್ಲಾಸ್ಟಿಕ್ಕನ್ನೂ ಪಕ್ಕದಲ್ಲಿಟ್ಟು ಅಳೆಯಬೇಕು.

ಈ ಹಾದಿಯ ಮೊದಲ ಗುರುತುಗಳು ಹಳೆಯವು. 1972ರಲ್ಲೇ ಎಡ್ವರ್ಡ್ ಕಾರ್ಪೆಂಟರ್ ಮತ್ತು ಸಂಗಡಿಗರು ಅಮೆರಿಕದ ಕರಾವಳಿಯ ನೀರಿನಲ್ಲಿ ಸಿಕ್ಕ ಪಾಲಿಸ್ಟೈರೀನ್ ಮಣಿಗಳ ಮೇಲೆ ಪಿಸಿಬಿ ಇರುವುದನ್ನು ವರದಿ ಮಾಡಿದ್ದರು. 2001ರಲ್ಲಿ ಜಪಾನಿನ ಹಿದೆಶಿಗೆ ತಕಾದ ಅವರ ತಂಡ ಹೊಸ ಪಾಲಿಪ್ರೊಪಿಲೀನ್ ಗುಳಿಗೆಗಳನ್ನು ಟೋಕಿಯೋ ಕೊಲ್ಲಿಯ ನೀರಿನಲ್ಲಿ 6 ದಿನ ಇಟ್ಟು ನೋಡಿತು. ದಿನದಿಂದ ದಿನಕ್ಕೆ ಅವುಗಳ ಮೇಲಿನ ವಿಷ ಏರುತ್ತಾ ಹೋಯಿತು. ಸಮುದ್ರದಲ್ಲಿ ಬಹುಕಾಲ ಅಲೆದ ಗುಳಿಗೆಗಳಲ್ಲಿ ಕೆಲವು ರಾಸಾಯನಿಕಗಳ ಸಾಂದ್ರತೆ ಸುತ್ತಲಿನ ನೀರಿಗಿಂತ ಹತ್ತು ಲಕ್ಷ ಪಟ್ಟಿನವರೆಗೆ ಇರಬಹುದು ಎಂದು ಅವರು ಅಂದಾಜಿಸಿದರು. ಆಮೇಲೆ 2005ರಲ್ಲಿ ತಕಾದ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಜಗತ್ತಿನ ಯಾವುದೇ ಕಡಲತೀರದ ಜನ ಮರಳಿನಲ್ಲಿ ಸಿಕ್ಕ ಗುಳಿಗೆಗಳನ್ನು ಹೆಕ್ಕಿ, ಅಂಚೆಯಲ್ಲಿ ತಮಗೆ ಕಳಿಸಿ ಎಂದು ಕೇಳಿಕೊಂಡರು. ಬಂದ ಗುಳಿಗೆಗಳ ಮೈಯನ್ನು ಓದಿ ಯಾವ ತೀರದ ನೀರು ಎಷ್ಟು ಕೆಟ್ಟಿದೆ ಎಂಬ ನಕ್ಷೆ ಬರೆದರು. ಇಂದು ನೀರಿನ ವಿಷ ಅಳೆಯುವವರು ಪಾಲಿಥಿನ್ ಹಾಳೆಯನ್ನು ಬೇಕೆಂದೇ ಹೊಳೆಗೆ ಇಳಿಬಿಟ್ಟು, ಕೆಲವು ವಾರಗಳ ನಂತರ ತೆಗೆದು, ಅದು ಹೀರಿದ್ದನ್ನು ಅಳೆಯುತ್ತಾರೆ. ಸೀಸೆಯಲ್ಲಿ ಹಿಡಿದ ನೀರು ಆ ಕ್ಷಣದ ಸ್ಥಿತಿಯನ್ನಷ್ಟೇ ಹೇಳುತ್ತದೆ, ಹಾಳೆ ಆ ವಾರಗಳ ಒಟ್ಟು ಲೆಕ್ಕ ಹೇಳುತ್ತದೆ.

ಹತ್ತು ಲಕ್ಷ ಪಟ್ಟು ಎಂಬ ಮಾತು ಎದೆ ನಡುಗಿಸುತ್ತದೆ. ಆದರೆ ಆ ಸಂಖ್ಯೆಯನ್ನು ಅದರ ಜಾಗದಲ್ಲಿಟ್ಟು ನೋಡಿದವರೂ ಇದೇ ಕಸುಬಿನವರು. ನೆದರ್‌ಲ್ಯಾಂಡ್ಸಿನ ಆಲ್ಬರ್ಟ್ ಕೂಲ್ಮನ್ಸ್ ಮತ್ತು ಸಂಗಡಿಗರು 2016ರಲ್ಲಿ ಕೂಡಿಸಿ ಕಳೆದು ನೋಡಿ ಹೇಳಿದ್ದು: ಸಮುದ್ರದಲ್ಲಿ ನೀರು, ಪಾಚಿ, ಕೊಳೆತ ಜೈವಿಕ ವಸ್ತುಗಳ ಮುಂದೆ ಪ್ಲಾಸ್ಟಿಕ್ಕಿನ ಒಟ್ಟು ಪ್ರಮಾಣ ಬಹಳ ಸಣ್ಣದು. ವಿಷದ ಬಹುಪಾಲು ಅವುಗಳಲ್ಲೇ ಇರುತ್ತದೆ. ಮೀನಿಗೆ ಅದು ಸಿಗುವುದೂ ಹೆಚ್ಚಾಗಿ ಆಹಾರದಿಂದ, ನೀರಿನಿಂದ. ವೃಷಭಾವತಿಗೆ ಇದನ್ನು ಅನ್ವಯಿಸಿದರೆ ಸೋಪು, ಜಿಡ್ಡು, ಹೂಳು ಎಲ್ಲವೂ ಅದೇ ಅಣುಗಳಿಗಾಗಿ ಪ್ಲಾಸ್ಟಿಕ್ಕಿನೊಂದಿಗೆ ಪೈಪೋಟಿಗೆ ನಿಲ್ಲುತ್ತವೆ. ಇನ್ನೊಂದು ಪಕ್ಕದಲ್ಲಿ ಥಾಂಪ್ಸನ್ ಅವರ ಸಹೋದ್ಯೋಗಿಗಳು 2014ರಲ್ಲಿ ತೋರಿಸಿದ ಸಂಗತಿಯಿದೆ. ಕರುಳಿನಲ್ಲಿರುವಂಥ ಪಿತ್ತರಸದ ಲವಣ, ಶರೀರದ ಬಿಸಿ ಇದ್ದರೆ, ಸಮುದ್ರದ ನೀರಿನಲ್ಲಿ ಬಿಡುವುದಕ್ಕಿಂತ ಎಷ್ಟೋ ಪಟ್ಟು ಬೇಗ ಕಣ ತನ್ನ ಸರಕನ್ನು ಬಿಟ್ಟುಕೊಡುತ್ತದೆ. ಎರಡೂ ನಿಜ, ಒಂದರ ಬಾಯಿಯನ್ನು ಇನ್ನೊಂದು ಮುಚ್ಚಿಸುವುದಿಲ್ಲ. ಭಯ ಹುಟ್ಟಿಸುವ ಅಂಕಿಯನ್ನು ತಂದ ಕಸುಬಿನವರೇ ಅದರ ಮಿತಿಯನ್ನೂ ಹುಡುಕುವ ಪ್ರಾಮಾಣಿಕತೆಯನ್ನು ನಾನು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ನಮ್ಮ ನಲ್ಲಿಯಲ್ಲಿ ಬರುವುದು ವೃಷಭಾವತಿಯ ನೀರಲ್ಲ, ಕಾವೇರಿ. ಕೃಷ್ಣರಾಜಸಾಗರದಿಂದ ಕೆಳಗೆ ಹರಿದ ಮೇಲೆ ತೊರೆಕಾಡನಹಳ್ಳಿಯಿಂದ ಬೆಟ್ಟ ಹತ್ತಿಸಿ ಬೆಂಗಳೂರಿಗೆ ತರುವ ನೀರು. ಆ ಕೃಷ್ಣರಾಜಸಾಗರದ ನೀರನ್ನೇ ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನೊಂಗ್‌ತೊಂಬಾ ಅವರ ತಂಡ ಓದಿತು, 2022ರಲ್ಲಿ ಫಲಿತಾಂಶ ಪ್ರಕಟಿಸಿತು. ಅಲ್ಲಿನ ಮೀನುಗಳಲ್ಲಿ ಕಂಡ ವಿಕಾರಗಳಿಗೆ ಕಾರಣ ಏನು ಎಂಬುದು ಅವರ ಪ್ರಶ್ನೆ. ವೇಗವಾಗಿ ಹರಿಯುವ ಕಡೆ, ನಿಧಾನವಾಗಿ ಹರಿಯುವ ಕಡೆ, ನಿಂತ ಕಡೆ, ಮೂರು ಜಾಗಗಳಿಂದ ನೀರು ತೆಗೆದರು. ರಾಮನ್ ಬೆಳಕಿನಲ್ಲಿ ಆ ನೀರನ್ನು ನೋಡಿದಾಗ ಪ್ಲಾಸ್ಟಿಕ್ ಕಣಗಳು ಸಿಕ್ಕವು. ಅವುಗಳ ಜೊತೆ ಸೈಕ್ಲೋಹೆಕ್ಸಿಲ್ ಗುಂಪು ಇರುವ ವಿಷಕಾರಿ ರಾಸಾಯನಿಕಗಳ ಗುರುತೂ ಸಿಕ್ಕಿತು. ಕೃಷಿ ಮತ್ತು ಔಷಧ ಉದ್ಯಮಗಳಲ್ಲಿ ಬಳಕೆಯಾಗುವ ಬಗೆಯವು ಅವು. ಜೀಬ್ರಾ ಮೀನಿನ ಭ್ರೂಣಗಳನ್ನು ಈ ನೀರುಗಳಲ್ಲಿ ಬೆಳೆಸಿದರು. ನಿಧಾನ ಹರಿವಿನ ಮತ್ತು ನಿಂತ ನೀರಿನಲ್ಲಿದ್ದವಕ್ಕೆ ಎಲುಬಿನ ವಿಕಾರ, ಡಿಎನ್‌ಎ ಹಾನಿ, ಹೃದಯದ ಹಾನಿ ಆಯಿತು, ಸಾವೂ ಹೆಚ್ಚಾಯಿತು. ಇದಕ್ಕೆ ಸೂಕ್ಷ್ಮಜೀವಿಗಳು ಕಾರಣವಿರಬಹುದೇ? ಅವನ್ನು ಸೋಸಿ ತೆಗೆದು ಮತ್ತೆ ಮಾಡಿ ನೋಡಿದರು. ಹಾನಿ ಹಾಗೇ ಉಳಿಯಿತು. ಈ ಅಧ್ಯಯನದಲ್ಲಿ ನನ್ನ ಮನಸ್ಸು ನಿಲ್ಲುವುದು ಸೋಸಿ ಮತ್ತೆ ಮಾಡಿದ ಆ ಎರಡನೆಯ ಪರೀಕ್ಷೆಯ ಮೇಲೆ. ಕಣ ಮತ್ತು ರಾಸಾಯನಿಕ ಒಟ್ಟಿಗೇ ಇರುವ ನೀರಿನಲ್ಲಿ ಯಾವುದು ಎಷ್ಟು ಕೆಡುಕು ಮಾಡಿತು ಎಂದು ಹಂಚಿ ಹೇಳುವುದು ಇನ್ನೂ ಕಷ್ಟದ, ಮುಂದಿನ ಕೆಲಸ.

ಹುಡುಕಿದ ಮೇಲೆ ತೆಗೆಯುವ ಮಾತೂ ಬರಬೇಕಲ್ಲ. ಅದೇ ಸಂಸ್ಥೆಯ ಸೂರ್ಯಸಾರಥಿ ಬೋಸ್ ಅವರ ತಂಡ 2024ರಲ್ಲಿ ಒಂದು ಜೆಲ್ ಬಗ್ಗೆ ಬರೆಯಿತು. ಸಿಗಡಿ, ಏಡಿಗಳ ಚಿಪ್ಪಿನಿಂದ ಸಿಗುವಂಥ ಚಿಟೋಸಾನ್, ಜೊತೆಗೆ ಪಾಲಿವಿನೈಲ್ ಆಲ್ಕೋಹಾಲ್, ಪಾಲಿಅನಿಲೀನ್, ಈ ಮೂರರ ಬಲೆಯನ್ನು ಒಂದರೊಳಗೊಂದು ಹೆಣೆದು ತಾಮ್ರವಿರುವ ವೇಗವರ್ಧಕವನ್ನು ಸೇರಿಸಿದ್ದಾರೆ. ಜೆಲ್ ಕಣಗಳನ್ನು ಹಿಡಿಯುತ್ತದೆ, ಅತಿನೇರಳೆ ಬೆಳಕು ಬಿಟ್ಟರೆ ವೇಗವರ್ಧಕ ಅವನ್ನು ಒಡೆಯುತ್ತದೆ. ಆಮ್ಲವೂ ಕ್ಷಾರವೂ ಅಲ್ಲದ ನೀರಿನ ಹತ್ತಿರದ ಸ್ಥಿತಿಯಲ್ಲಿ ಎರಡು ಬಗೆಯ ಕಣಗಳನ್ನು ಶೇಕಡಾ 95 ಮತ್ತು 93ರಷ್ಟು ತೆಗೆಯಿತು. ಬಳಸಿ ಮುಗಿದ ಜೆಲ್ಲನ್ನು ಇಂಗಾಲದ ಸೂಕ್ಷ್ಮ ವಸ್ತುವಾಗಿ ಮಾರ್ಪಡಿಸಿ, ನೀರಿನಿಂದ ಕ್ರೋಮಿಯಂ ತೆಗೆಯಲು ಬಳಸಬಹುದು ಎಂದೂ ತೋರಿಸಿದರು. ಪ್ರಯೋಗಾಲಯದ ಶುದ್ಧ ನೀರಿನಿಂದ ಕೆಂಗೇರಿ ಮೋರಿಯ ನೊರೆಗೆ ಬಹಳ ದೂರವಿದೆ. ಆದರೂ ಕಣ ಮತ್ತು ಲೋಹ ಎರಡನ್ನೂ ಒಂದೇ ಕೆಲಸದಲ್ಲಿ ನೆನೆದಿರುವುದು ಸರಿಯಾದ ದಿಕ್ಕು ಅನ್ನಿಸುತ್ತದೆ.

ಮೈಸೂರು ರಸ್ತೆಯ ಪಕ್ಕದ ಹೊಳೆಗೆ ಇನ್ನೊಂದು ಬಗೆಯ ಕಣ ಬರುತ್ತದೆ, ಅದರ ಮುಂದೆ ರಾಮನ್ ಬೆಳಕು ಸೋಲುವುದೇ ಹೆಚ್ಚು. ಟೈರು ಸವೆದು ಉದುರುವ ಕಪ್ಪು ಪುಡಿ ಅದು. ಅದರಲ್ಲಿರುವ ಇಂಗಾಲದ ಮಸಿ ಲೇಸರನ್ನು ನುಂಗಿಬಿಡುತ್ತದೆ. ಟೈರು ಬಿರುಕು ಬಿಡದಂತೆ ಹಾಕುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯ ಓಝೋನಿನೊಂದಿಗೆ ಸೇರಿ ಒಂದು ಕ್ವಿನೋನ್ ಆಗುತ್ತದೆ. ಅಮೆರಿಕದ ಸಿಯಾಟಲ್ ಸುತ್ತಲಿನ ತೊರೆಗಳಲ್ಲಿ ಮಳೆ ಬಂದ ಕೂಡಲೇ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದುದಕ್ಕೆ ಅದೇ ಕಾರಣವೆಂದು 2020ರ ಕೊನೆಯಲ್ಲಿ ಗೊತ್ತಾಯಿತು. ಗೊತ್ತುಮಾಡಿದ ರೀತಿಯೂ ಕೈಕೆಲಸದ್ದೇ: ಟೈರಿನ ರಬ್ಬರು ನೆನೆಸಿದ ನೀರನ್ನು ಪಾಲು ಪಾಲಾಗಿ ಒಡೆದು, ಮೀನಿಗೆ ಕೆಡುಕು ಮಾಡುವ ಪಾಲನ್ನು ಮಾತ್ರ ಉಳಿಸಿಕೊಂಡು, ಅದನ್ನು ಮತ್ತೆ ಒಡೆದು, ಕೊನೆಗೆ ಒಂದೇ ಅಣುವಿಗೆ ಬಂದು ನಿಂತರು. ಕಪ್ಪು ಪುಡಿಯನ್ನು ಓದಲು ಆಮ್ಲಜನಕವಿಲ್ಲದ ಪುಟ್ಟ ಕುಲುಮೆಯಲ್ಲಿ ಅದನ್ನು ಬಿಸಿಯಿಂದ ಒಡೆದು, ಬರುವ ಆವಿಯನ್ನು ತೂಗುವ ಯಂತ್ರಕ್ಕೆ ಕೊಡಬೇಕು. ಹೀಗೆ ಮಾಡಿದರೆ ಕಣಗಳ ಎಣಿಕೆ ಸಿಗುವುದಿಲ್ಲ, ತೂಕ ಸಿಗುತ್ತದೆ. ರಸ್ತೆಯ ಮೇಲೆ ಬೇಸಿಗೆಯೆಲ್ಲ ಕೂತ ಪುಡಿ ಹೊಳೆಗೆ ಇಳಿಯುವುದು ಮುಂಗಾರಿಗೆ ಮೊದಲಿನ ಜೋರು ಮಳೆಗಳಲ್ಲಿ. ಹಾಗಾಗಿ ಸೇತುವೆಯ ಬಳಿ ಮಾದರಿ ತೆಗೆಯುವವರು ಮಳೆ ಶುರುವಾದ ಮೊದಲ ನಿಮಿಷಗಳ ನೀರಿಗೆ ಬೇರೆ ಸೀಸೆ, ನೀರು ಏರಿದಾಗಿನದಕ್ಕೆ ಬೇರೆ, ಇಳಿದ ಮೇಲಿನದಕ್ಕೆ ಬೇರೆ ಇಟ್ಟುಕೊಳ್ಳಬೇಕು. ಮೂರರ ಜೊತೆಗೂ ಒಂದೊಂದು ಖಾಲಿ ಸೀಸೆ ಹೋಗಬೇಕು.